ಮಾತು ನಿಲ್ಲದಷ್ಟು ನಡಿಗೆ

ತಿಪಟೂರಿನ ನಮ್ಮ ಭಾವ ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. ಮನುಷ್ಯರ ಮಾತಿಗಿಂತ ಅಂಕಿಯನ್ನು ಹೆಚ್ಚು ನಂಬುವವರು. ಎರಡು ವರ್ಷದ ಹಿಂದೆ ಅವರಿಗೆ ಬಿಪಿ ಇದೆಯೆಂದು ಗೊತ್ತಾದಾಗ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, ದಿನಾ ಅರ್ಧ ಗಂಟೆ ನಡೆಯಿರಿ ಅಂದರು. ಬೆಂಗಳೂರಿನಲ್ಲಿರುವ ಮಗ ಒಂದು ಬಿಪಿ ಮೆಷಿನ್ ತಂದುಕೊಟ್ಟ. ಭಾವ ಮರುದಿನವೇ ಕ್ಯಾನ್ವಾಸ್ ಶೂ ಹಾಕಿಕೊಂಡು ಕಾಲೇಜು ಮೈದಾನವನ್ನು ಬಿರುಸಾಗಿ ಆರು ಸುತ್ತು ಹಾಕಿ ಬಂದರು. ಬಂದವರು ಶೂ ಬಿಚ್ಚುವುದಕ್ಕೂ ಮೊದಲು ತೋಳಿಗೆ ಪಟ್ಟಿ ಸುತ್ತಿಕೊಂಡು ಗುಂಡಿ ಒತ್ತಿದರು. 168. ಮನೆಯಿಂದ ಹೊರಡುವಾಗ 142 ಇತ್ತು. ಎರಡನೇ ದಿನವೂ ಅದೇ ಕಥೆ. ಮೂರನೇ ದಿನ 172. ನಾಲ್ಕನೇ ದಿನ ಶೂ ಜಗಲಿಯ ಮೂಲೆ ಸೇರಿತು.

ನಾನು ಫೋನ್ ಮಾಡಿ ವಾಕಿಂಗ್ ಹೇಗೆ ನಡೀತಿದೆ ಭಾವ ಅಂದರೆ, “ನಡೆದ್ರೆ ಬಿಪಿ ಏರುತ್ತೆ ಕಣಯ್ಯಾ, ಕೂತ್ರೆ ಇಳಿಯುತ್ತೆ. ನಾನೇ ಅಳೆದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದೀನಿ. ಆ ಡಾಕ್ಟರಿಗೆ ಲೆಕ್ಕ ಬರಲ್ಲ ಅಂತ ಕಾಣುತ್ತೆ” ಅಂದರು. ಹಿಂದಿನಿಂದ ಅಕ್ಕ, “ಕೂರೋದಕ್ಕೆ ಒಂದು ನೆಪ ಬೇಕಿತ್ತು, ಸಿಕ್ತು” ಅಂದದ್ದೂ ಕೇಳಿಸಿತು.

ಭಾವನ ಅಂಕಿಗಳಲ್ಲಿ ತಪ್ಪಿರಲಿಲ್ಲ. ಅಳೆದ ಹೊತ್ತು ತಪ್ಪಾಗಿತ್ತು, ಅಷ್ಟೇ. ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ನೂಕುತ್ತದೆ. ಬಿರುಸಾಗಿ ನಡೆಯುವಾಗ ಇದು ದುಪ್ಪಟ್ಟಾಗುತ್ತದೆ, ಓಡಿದರೆ ಇನ್ನೂ ಹೆಚ್ಚು. ಹಾಗೆ ನೂಕಬೇಕಾದರೆ ಒತ್ತಡದ ಮೇಲಿನ ಅಂಕಿ 160, 170, ಕೆಲವರಲ್ಲಿ ಅದಕ್ಕಿಂತಲೂ ಮೇಲೆ ಹೋಗುವುದು ಸಹಜ. ಬಿಪಿಯೇ ಇಲ್ಲದ ಹುಡುಗರಲ್ಲೂ ಏರುತ್ತದೆ. ಕೆಳಗಿನ ಅಂಕಿ ಮಾತ್ರ ಇದ್ದಲ್ಲೇ ಇರುತ್ತದೆ, ಇಲ್ಲವೇ ಒಂದಿಷ್ಟು ಇಳಿಯುತ್ತದೆ. ಕಾರಣ ತಿಪಟೂರಿನವರಿಗೆ ಸುಲಭವಾಗಿ ಹೇಳಬಹುದು: ತೆಂಗಿನ ತೋಟದಲ್ಲಿ ಮೋಟರ್ ಜೋರು ಮಾಡಿದ್ದಾರೆ ನಿಜ, ಜೊತೆಗೆ ಗೇಟ್‌ವಾಲ್ವುಗಳನ್ನೂ ತೆರೆದಿದ್ದಾರೆ. ನಡೆಯುವಾಗ ಕಾಲಿನ ಸ್ನಾಯುಗಳೊಳಗಿನ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ. ಬಂದ ರಕ್ತಕ್ಕೆ ದಾರಿ ಸಿಗುತ್ತದೆ.

ಇನ್ನು ಭಾವ ನೋಡದೇ ಬಿಟ್ಟ ಭಾಗ. ನಡಿಗೆ ನಿಂತ ಮೇಲೆ ಮೋಟರ್ ನಿಧಾನವಾಗುತ್ತದೆ, ಆದರೆ ವಾಲ್ವುಗಳು ಒಮ್ಮೆಗೇ ಮುಚ್ಚುವುದಿಲ್ಲ. ಹಾಗಾಗಿ ಸ್ವಲ್ಪ ಹೊತ್ತಿನ ಮೇಲೆ ಒತ್ತಡ ಹೊರಡುವ ಮುಂಚೆ ಇದ್ದುದಕ್ಕಿಂತಲೂ ಕೆಳಗಿಳಿದು, ಕೆಲವು ಗಂಟೆಗಳ ಕಾಲ ಹಾಗೇ ಇರುತ್ತದೆ. ದಿನಾ ನಡೆಯುವವರಿಗೆ ಈ ಗಂಟೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತಾ ಹೋಗುತ್ತವೆ. ವಾರಗಳು ಕಳೆದಂತೆ ಇನ್ನೊಂದು ಬದಲಾವಣೆಯೂ ಆಗುತ್ತದೆ. ರಕ್ತ ರಭಸವಾಗಿ ಹರಿದಾಗಲೆಲ್ಲ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ನಾಳಕ್ಕೆ ಸಡಿಲವಾಗು ಎಂದು ಹೇಳುವುದು ಅದೇ. ಈ ಸಂಗತಿ ಕಂಡುಹಿಡಿದದ್ದಕ್ಕೆ 1998ರಲ್ಲಿ ಮೂವರಿಗೆ ನೊಬೆಲ್ ಬಂತು. ವ್ಯಾಯಾಮ ಮಾಡುವವರ ನಾಳಗಳು ಈ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತವೆ, ಕೂತೇ ಇರುವವರ ನಾಳಗಳು ವರ್ಷ ಕಳೆದಂತೆ ಹಳೇ ರಬ್ಬರ್ ಪೈಪಿನ ಹಾಗೆ ಪೆಡಸಾಗುತ್ತವೆ.

ಆದ್ದರಿಂದ ಅಳೆಯುವುದಾದರೆ ವ್ಯಾಯಾಮ ಮುಗಿದು ಕನಿಷ್ಠ ಅರ್ಧ ಗಂಟೆಯಾಗಿರಬೇಕು. ಕಾಫಿ, ಬೀಡಿ-ಸಿಗರೇಟಿಗೂ ಅದೇ ಅರ್ಧ ಗಂಟೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಪಟ್ಟಿ ಅಂಗಿಯ ತೋಳಿನ ಮೇಲಲ್ಲ, ಚರ್ಮದ ಮೇಲೆ. ಮೂತ್ರ ಕಟ್ಟಿಕೊಂಡು ಕೂತರೂ ಅಂಕಿ ಏರುತ್ತದೆ, ಮೆಷಿನ್ ಓಡುತ್ತಿರುವಾಗ ಮಾತಾಡಿದರೂ ಏರುತ್ತದೆ. ನಮ್ಮ ಅಕ್ಕ ಸರಿಯಾಗಿ ಅದೇ ಹೊತ್ತಿಗೆ ಕೊಬ್ಬರಿ ಮಾರಿದ ದುಡ್ಡಿನ ವಿಚಾರ ಎತ್ತುತ್ತಾಳೆ ಎಂಬುದು ಭಾವನ ದೂರು.

ನಡೆದರೆ ಕೆಟ್ಟದ್ದು, ಕೂತರೆ ಒಳ್ಳೆಯದು ಎಂಬ ನಂಬಿಕೆ ಭಾವನೊಬ್ಬರದೇ ಅಲ್ಲ. ಒಂದು ಕಾಲಕ್ಕೆ ವೈದ್ಯರದ್ದೂ ಅದೇ ಆಗಿತ್ತು. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. ಆ ನಂಬಿಕೆ ಅಲುಗಾಡಿದ್ದು ಲಂಡನ್ನಿನ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ವರ್ಗದ ಜನ. ಡ್ರೈವರು ದಿನವಿಡೀ ಕೂತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ ಐನೂರರಿಂದ ಏಳುನೂರೈವತ್ತು ಮೆಟ್ಟಿಲು ಹತ್ತುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆ ಇತ್ತು. ಡ್ರೈವರುಗಳು ಮೊದಲಿನಿಂದಲೂ ದಪ್ಪಗಿದ್ದರೇನೋ ಎಂಬ ಅನುಮಾನ ಬಂದಾಗ ಮಾರಿಸ್ ಏನು ಮಾಡಿದರು ಗೊತ್ತೇ? ಬಸ್ ಸಂಸ್ಥೆ ಹೊಲಿಸಿಕೊಟ್ಟಿದ್ದ ಸಮವಸ್ತ್ರಗಳ ಸೊಂಟದ ಅಳತೆ ತರಿಸಿ ನೋಡಿದರು. ಅನುಮಾನ ಸುಳ್ಳಾಗಿರಲಿಲ್ಲ, ಡ್ರೈವರುಗಳ ಸೊಂಟ ದೊಡ್ಡದೇ ಇತ್ತು. ಆದರೆ ಸೊಂಟದ ಲೆಕ್ಕ ಕಳೆದ ಮೇಲೂ ವ್ಯತ್ಯಾಸ ಉಳಿಯಿತು. ದರ್ಜಿಯ ಪುಸ್ತಕದಿಂದ ವೈದ್ಯಶಾಸ್ತ್ರ ಹುಡುಕಿದ ಈ ಮನುಷ್ಯ ತೊಂಬತ್ತೊಂಬತ್ತು ವರ್ಷ ಬದುಕಿದರು. ಬೆಂಗಳೂರಿನಲ್ಲೂ ಹಿಂದೆ ಡಬಲ್ ಡೆಕ್ಕರ್ ಬಸ್ಸುಗಳಿದ್ದವು. ಆ ಕಂಡಕ್ಟರುಗಳನ್ನು ಯಾರೂ ಅಳೆಯಲಿಲ್ಲವಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇದನ್ನೆಲ್ಲ ಹೇಳಿದರೂ ಭಾವ ಒಪ್ಪಲಿಲ್ಲ. “ಹಾಗಾದ್ರೆ ಅಪ್ಪು ವಿಚಾರ ಏನು?” ಅಂದರು.

ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಯಾರೂ ತಳ್ಳಿಹಾಕುವಂತಿಲ್ಲ. 2021ರ ಅಕ್ಟೋಬರ್ 29ರಂದು, ಎಲ್ಲರೂ ಅಪ್ಪು ಎಂದೇ ಕರೆಯುತ್ತಿದ್ದ ನಟ ಪುನೀತ್ ರಾಜ್‌ಕುಮಾರ್ ನಲವತ್ತಾರನೇ ವಯಸ್ಸಿಗೆ ತೀರಿಕೊಂಡರು. ಅಂದು ಬೆಳಿಗ್ಗೆ ವ್ಯಾಯಾಮ ಮಾಡಿದ್ದರು ಎಂಬ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲು ನಿಂತರು. ಮಕ್ಕಳನ್ನು ಜಿಮ್ಮಿನಿಂದ ಬಿಡಿಸಿದ ಮನೆಗಳು ನನಗೇ ಗೊತ್ತು. ಆ ಸಾವಿಗೂ ಬಿಪಿಗೂ ನಂಟು ಕಟ್ಟುವುದು ನನ್ನ ಕೆಲಸವಲ್ಲ, ಯಾರ ಕೆಲಸವೂ ಅಲ್ಲ. ಆದರೆ ಅದು ಹುಟ್ಟಿಸಿದ ಭಯಕ್ಕೆ ಉತ್ತರ ಬೇಕು.

ಉತ್ತರ ಹಳೆಯದು. ಅಮೆರಿಕದಲ್ಲಿ ಹೃದಯಾಘಾತವಾಗಿ ಬದುಕುಳಿದ ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮಾಡಿದ ಒಂದು ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಆಘಾತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನು ಮಾಡುತ್ತಿದ್ದಿರಿ ಎಂಬುದೇ ಮುಖ್ಯ ಪ್ರಶ್ನೆ. ಭಾರಿ ಶ್ರಮ ಮಾಡಿದ ಆ ಗಂಟೆಯಲ್ಲಿ ಅಪಾಯ ಹೆಚ್ಚುವುದು ನಿಜವೆಂದೇ ಗೊತ್ತಾಯಿತು. ಆದರೆ ಯಾರಿಗೆ ಎಷ್ಟು? ವಾರಕ್ಕೆ ಐದು ಸಲವಾದರೂ ಮೈ ದಣಿಸುವವರಿಗೆ ಸುಮಾರು ಎರಡೂವರೆ ಪಟ್ಟು. ವಾರಕ್ಕೆ ಒಮ್ಮೆಯೂ ದಣಿಸದೆ, ಇದ್ದಕ್ಕಿದ್ದಂತೆ ಒಂದು ದಿನ ಮೈಮುರಿದು ಶ್ರಮ ಮಾಡುವವರಿಗೆ ನೂರಕ್ಕೂ ಹೆಚ್ಚು ಪಟ್ಟು. ಯಾವುದೋ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಾಧ್ಯತೆಯೇ ತೀರಾ ಚಿಕ್ಕದಾದ್ದರಿಂದ ನೂರು ಪಟ್ಟು ಎಂದರೂ ಗಾಬರಿಯ ಸಂಖ್ಯೆಯಲ್ಲ. ಆದರೆ ಎರಡೂವರೆಗೂ ನೂರಕ್ಕೂ ಇರುವ ಅಂತರ ಮೇಷ್ಟ್ರಿಗೆ ತಟ್ಟಿತು. ಹೆದರಬೇಕಾದದ್ದು ವ್ಯಾಯಾಮಕ್ಕಲ್ಲ, ತಿಂಗಳುಗಟ್ಟಲೆ ಕೂತು ಒಂದು ಭಾನುವಾರ ಎದ್ದು ಮಾಡುವ ಸಾಹಸಕ್ಕೆ. ಬೆಂಗಳೂರಿನಲ್ಲಿ ವಾರವಿಡೀ ಕಂಪ್ಯೂಟರಿನ ಮುಂದಿದ್ದು ಭಾನುವಾರ ಬೆಳಿಗ್ಗೆ ಶಟಲ್ ಅಂಕಣಕ್ಕೆ ಇಳಿದು ಮೊದಲ ಷಾಟಿಗೇ ಜಿಗಿಯುವ ನಲವತ್ತೈದರ ಗಂಡಸರನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಹೀಗಾಗಿ ಭಾವನ ಎರಡನೇ ಸುತ್ತು ಬೇರೆ ರೀತಿ ಶುರುವಾಯಿತು. ಮೊದಲು ಡಾಕ್ಟರನ್ನು ಮತ್ತೆ ಕಂಡರು. ಕೂತಾಗಲೇ ಮೇಲಿನದು 180, ಕೆಳಗಿನದು 110 ದಾಟಿದ್ದರೆ ಮಾತ್ರೆಯಿಂದ ಅದನ್ನು ಇಳಿಸಿಕೊಂಡ ಮೇಲೆಯೇ ಶೂ ಹಾಕಬೇಕು. ಎದೆನೋವು ಬಂದವರು, ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆ ಜೊತೆಗಿರುವವರು, ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು ಕೇಳದೆ ಶುರುಮಾಡಬಾರದು. ಭಾವನಿಗೆ ಇಸಿಜಿ ಮಾಡಿ, ನಡೀರಿ, ಆದರೆ ಓಡಬೇಡಿ ಅಂದರು. ಎಷ್ಟು ವೇಗದಲ್ಲಿ ನಡೆಯಬೇಕು ಎಂದು ಕೇಳಿದ್ದಕ್ಕೆ ಆ ಡಾಕ್ಟರು ಕೊಟ್ಟ ಅಳತೆಗೋಲು ನನಗೆ ಬಹಳ ಇಷ್ಟವಾಯಿತು: ಪಕ್ಕದವರ ಜೊತೆ ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು. ಹಾಡಲು ಬಂದರೆ ನಡಿಗೆ ಸಾಲದು. ಒಂದು ಪೂರ್ತಿ ವಾಕ್ಯ ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳಬೇಕಾದರೆ ಅತಿಯಾಯಿತು.

ಇದು ಬರೀ ಹಳ್ಳಿಗಾಡಿನ ಉಪಾಯವಲ್ಲ. ಗಡಿಯಾರ ಕಟ್ಟಿಕೊಂಡು ನಾಡಿ ಎಣಿಸುವವರಿಗಿಂತ ಈ ಮಾತಿನ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯವು, ನಾಡಿಯನ್ನೇ ಹಿಡಿದಿಡುತ್ತವೆ. ಅವನ್ನು ನುಂಗುವವರು ಎಷ್ಟು ದಣಿದರೂ ನಾಡಿ ನೂರಿಪ್ಪತ್ತು ಮುಟ್ಟದೇ ಇರಬಹುದು. ಮುಂಗೈಯ ವಾಚು ‘ಇನ್ನೂ ಸಾಲದು, ಓಡು’ ಎನ್ನುತ್ತಿರುತ್ತದೆ, ಮೈ ‘ಸಾಕು’ ಎನ್ನುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಮೈಯ ಮಾತು ಕೇಳಬೇಕು.

ಮಾತ್ರೆಗಳ ವಿಚಾರ ಬಂದದ್ದರಿಂದ ಇನ್ನಷ್ಟು ಹೇಳಿಬಿಡುತ್ತೇನೆ. ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಏಪ್ರಿಲ್ ಬಿಸಿಲಿನಲ್ಲಿ ಬೆವರು ಹರಿಸಿದರೆ ತಲೆ ತಿರುಗಬಹುದು. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಬೆಳಿಗ್ಗೆ ಎಂಟು ಗಂಟೆಯ ಮೇಲೆ ಹೊರಗೆ ನಡೆಯುವ ಹಟ ಬಿಡುವುದು ಮೇಲು. ಹಾಗೆಂದು ಅರ್ಧ ಗಂಟೆ ನಡೆದು ಬಂದು ಓಆರ್‌ಎಸ್ ಪೊಟ್ಟಣ ಕಲಸಿ ಕುಡಿಯುವವರೂ ಇದ್ದಾರೆ. ಅದರಲ್ಲಿ ಉಪ್ಪಿದೆ, ಭೇದಿಯಾದವರಿಗೆ ಮಾಡಿದ್ದು ಅದು, ವಾಕಿಂಗಿಗಲ್ಲ. ನೀರು ಸಾಕು. ಮಾತ್ರೆಯನ್ನು ಬೆಳಿಗ್ಗೆ ನುಂಗಬೇಕೋ ರಾತ್ರಿಯೋ ಎಂಬ ಚರ್ಚೆ ಪಾರ್ಕಿನ ಬೆಂಚುಗಳಲ್ಲಿ ಮುಗಿಯುವುದೇ ಇಲ್ಲ. ಬ್ರಿಟನ್ನಿನಲ್ಲಿ ಇಪ್ಪತ್ತೊಂದು ಸಾವಿರ ಜನರ ಮೇಲೆ ಪರೀಕ್ಷಿಸಿ 2022ರಲ್ಲಿ ಹೇಳಿದ್ದು: ಯಾವಾಗ ನುಂಗಿದರೂ ಫಲದಲ್ಲಿ ವ್ಯತ್ಯಾಸವಿಲ್ಲ, ಮರೆಯದೆ ನುಂಗಿದರಾಯಿತು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ನೋವಿನ ಮಾತ್ರೆಯಲ್ಲಿ. ಹೊಸದಾಗಿ ನಡೆಯಲು ಶುರುಮಾಡುತ್ತಾರೆ, ಹತ್ತನೇ ದಿನ ಮಂಡಿ ಹಿಡಿಯುತ್ತದೆ, ಮೆಡಿಕಲ್ ಷಾಪಿಗೆ ಹೋಗಿ ‘ಒಂದು ಪೇನ್ ಕಿಲ್ಲರ್ ಕೊಡಿ’ ಅನ್ನುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಥರದವು ಮೈಯಲ್ಲಿ ಉಪ್ಪುನೀರು ನಿಲ್ಲಿಸಿ ಒತ್ತಡ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸಕ್ಕೂ ಅಡ್ಡ ಬರುತ್ತವೆ. ನಡೆದು ಗಳಿಸಿದ್ದು ಅಲ್ಲೇ ಕಳೆದುಹೋಯಿತು. ಮಂಡಿ ನೋವಾದರೆ ನಾಲ್ಕು ದಿನ ಸುತ್ತು ಕಡಿಮೆ ಮಾಡುವುದು, ಡಾಂಬರು ಬಿಟ್ಟು ಮಣ್ಣಿನ ಮೇಲೆ ನಡೆಯುವುದು, ಸೈಕಲ್ ತುಳಿಯುವುದು ಮೇಲು. ಜಿಮ್ಮಿನ ಹುಡುಗರು ನೀರಿಗೆ ಕಲಸಿ ಕುಡಿಯುವ ಕೆಲವು ಪುಡಿಗಳಲ್ಲಿ ಒತ್ತಡ ಏರಿಸುವ ಕೆಫೀನ್ ತುಂಬಿರುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು.

ಭಾರ ಎತ್ತುವ ವಿಷಯಕ್ಕೆ ಬರೋಣ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹುಡುಗ ಕಲ್ಲಿಗೆ ಕೈ ಹಾಕಿ, ಎದೆ ತುಂಬ ಗಾಳಿ ಎಳೆದುಕೊಂಡು, ದಮ್ಮು ಕಟ್ಟುತ್ತಾನೆ. ಕುತ್ತಿಗೆಯ ನರ ಹಗ್ಗದಂತೆ ಎದ್ದು ನಿಲ್ಲುತ್ತದೆ, ಮುಖ ಕೆಂಪಾಗಿ ಕಪ್ಪಾಗುತ್ತದೆ. ಕಲ್ಲು ಹೆಗಲು ಮುಟ್ಟಿದಾಗ ಒಂದು ದೊಡ್ಡ ಉಸಿರು ಹೊರಬೀಳುತ್ತದೆ, ಸುತ್ತ ಶಿಳ್ಳೆ. ಆ ಕ್ಷಣದಲ್ಲಿ ರಕ್ತದೊತ್ತಡ ಎಷ್ಟಿರಬಹುದು? ಕೆನಡಾದ ಸಂಶೋಧಕರು 1985ರಲ್ಲಿ ಐವರು ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದರು. ಎರಡೂ ಕಾಲಿನಿಂದ ಭಾರ ಒತ್ತುವಾಗ ಸರಾಸರಿ 320/250. ಒಬ್ಬನದು 480/350 ದಾಟಿತ್ತು. ಕಣ್ತಪ್ಪಿ ಬಿದ್ದ ಅಂಕಿಗಳಲ್ಲ ಇವು, ನಿಜವೇ.

ಆ ಏರಿಕೆಗೆ ಎರಡು ಕಾರಣ. ನಡೆಯುವಾಗ ಸ್ನಾಯು ಬಿಗಿದು ಬಿಟ್ಟು, ಬಿಗಿದು ಬಿಟ್ಟು ಮಾಡುತ್ತದೆ. ಭಾರ ಹೊತ್ತಾಗ ಬಿಗಿದೇ ಇರುತ್ತದೆ, ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಮೋಟರ್ ಜೋರು, ವಾಲ್ವು ಬಂದ್. ಎರಡನೆಯದು ದಮ್ಮು. ಗಂಟಲು ಮುಚ್ಚಿ ಒಳಗಿನಿಂದ ಮುಕ್ಕಿರಿದಾಗ ಎದೆಗೂಡಿನ ಒತ್ತಡವೂ ಸೇರಿಕೊಂಡು ರಕ್ತದ ಒತ್ತಡ ನೆಗೆಯುತ್ತದೆ, ಬಿಟ್ಟ ಕೂಡಲೇ ಧುಮುಕುತ್ತದೆ. ವೈದ್ಯರು ಇದಕ್ಕೆ ಇಟಲಿಯ ವಲ್ಸಾಲ್ವ ಎಂಬ ಅಂಗರಚನಾ ಶಾಸ್ತ್ರಜ್ಞನ ಹೆಸರಿಟ್ಟಿದ್ದಾರೆ. ಮಲಬದ್ಧತೆಯವರು ಪಾಯಿಖಾನೆಯಲ್ಲಿ ಮಾಡುವುದೂ, ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬರೇ ಎತ್ತುವವರು ಮಾಡುವುದೂ ಇದನ್ನೇ. ಇಪ್ಪತ್ತರ ಹುಡುಗನ ನಾಳಗಳು ತಡೆದುಕೊಳ್ಳುತ್ತವೆ. ಹತ್ತು ವರ್ಷದಿಂದ ಬಿಪಿ ಇದ್ದು, ನಾಳದ ಗೋಡೆ ಸವೆದವರಿಗೆ ಇದು ಬೇಡ.

ಭಾರವೇ ಬೇಡ ಅಂತಲ್ಲ. ಎರಡು ಕಿಲೋ ಡಂಬೆಲ್, ನೀರು ತುಂಬಿದ ಬಾಟಲಿ, ರಬ್ಬರ್ ಪಟ್ಟಿ, ನಿಧಾನದ ಬಸ್ಕಿ ಇವೆಲ್ಲ ಒಳ್ಳೆಯವೇ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತು ಇರಲಿ ಎನ್ನುತ್ತದೆ. ಹತ್ತು ಹದಿನೈದು ಸಲ ಸಲೀಸಾಗಿ ಎತ್ತಲಾಗುವಷ್ಟೇ ಭಾರ, ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಗೊಂದಲವಾದರೆ ಗಟ್ಟಿಯಾಗಿ ಎಣಿಸುತ್ತಾ ಎತ್ತಿ. ಬಾಯಿ ಎಣಿಸುತ್ತಿದ್ದರೆ ದಮ್ಮು ಕಟ್ಟಲು ಆಗುವುದಿಲ್ಲ. ಇಲ್ಲೂ ಮಾತೇ ಕಾಯುವುದು, ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಮಾಷೆ. ಸ್ನಾಯು ಬಿಗಿದು ಹಿಡಿಯುವುದು ಒತ್ತಡ ಏರಿಸುತ್ತದೆ ಅಂದೆನಲ್ಲ, 2023ರಲ್ಲಿ ಬ್ರಿಟನ್ನಿನ ಸಂಶೋಧಕರು 270 ಪ್ರಯೋಗಗಳ, ಹದಿನೈದು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟು ಹಾಕಿ ನೋಡಿದಾಗ ವಿಶ್ರಾಂತಿಯ ಹೊತ್ತಿನ ಬಿಪಿಯನ್ನು ಎಲ್ಲಕ್ಕಿಂತ ಹೆಚ್ಚು ಇಳಿಸಿದ್ದು ಇಂಥ ಕದಲದ ಕಸರತ್ತುಗಳೇ. ನಡಿಗೆ, ಓಟ, ಸೈಕಲ್ ಮೇಲಿನ ಅಂಕಿಯನ್ನು ಸರಾಸರಿ ನಾಲ್ಕೂವರೆ ಇಳಿಸಿದರೆ ಇವು ಎಂಟಕ್ಕೂ ಹೆಚ್ಚು ಇಳಿಸಿದವು. ಅದರಲ್ಲೂ ಮುಂದೆ ನಿಂತದ್ದು ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಿಸಿ, ಇಲ್ಲದ ಕುರ್ಚಿಯ ಮೇಲೆ ಕೂರುವುದು. ಎರಡು ನಿಮಿಷ ಕೂತು, ಒಂದೆರಡು ನಿಮಿಷ ಎದ್ದು ನಿಂತು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಬಿಗಿದು ಹಿಡಿದ ಸ್ನಾಯುವನ್ನು ಬಿಟ್ಟಾಗ ಕಟ್ಟಿದ್ದ ರಕ್ತ ಒಮ್ಮೆಗೇ ನುಗ್ಗುವುದರಿಂದ ನಾಳಗಳು ಸಡಿಲವಾಗುತ್ತವೆ ಎಂಬುದು ಒಂದು ವಿವರಣೆ. ಸಂಗ್ರಾಣಿ ಕಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಬಿಗಿತದ ಮಟ್ಟದಲ್ಲಿದೆ, ಉಸಿರಿನಲ್ಲಿದೆ. ಇಲ್ಲಿ ಉಸಿರು ಆಡುತ್ತಲೇ ಇರಬೇಕು.

ಭಾವನಿಗೆ ಇದನ್ನು ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಿದ್ದು ಆಮೇಲೆ ನಗತೊಡಗಿದರು. ಮಗ್ಗಿ ಒಪ್ಪಿಸದ ಹುಡುಗರಿಗೆ ಮೂವತ್ತು ವರ್ಷ ಅವರು ಕೊಟ್ಟ ಶಿಕ್ಷೆ ಅದೇ. “ಹಾಗಾದ್ರೆ ಎಷ್ಟು ಹುಡುಗರ ಬಿಪಿ ಇಳಿಸಿದೀನೋ ನಾನು!” ಅಂದರು. ಅಂದು ಸಂಜೆ ನಡುಮನೆಯ ಗೋಡೆಗೆ ಬೆನ್ನು ಹಚ್ಚಿ ತಾವೇ ಕೂತರು. ಪಂಚೆ ಎತ್ತಿ ಕಟ್ಟಿದ್ದರು. ಇಪ್ಪತ್ತು ಸೆಕೆಂಡಿಗೆ ತೊಡೆ ಗಡಗಡ ನಡುಗಿತು, ಮೂವತ್ತೈದಕ್ಕೆ ಕೈ ನೆಲಕ್ಕೆ ಊರಿದರು. “ಅಯ್ಯಯ್ಯಪ್ಪ, ಆ ಮಕ್ಕಳು ನನ್ನ ಎಷ್ಟು ಬೈಕೊಂಡಿದ್ದಾವೋ” ಅಂದದ್ದು ಪಶ್ಚಾತ್ತಾಪವೋ ತೊಡೆನೋವೋ ಗೊತ್ತಾಗಲಿಲ್ಲ. ಮಂಡಿ ಪೂರ್ತಿ ಮಡಿಸಬೇಕಿಲ್ಲ, ಗೋಡೆಯ ಮೇಲೆ ಸ್ವಲ್ಪವೇ ಜಾರಿ ನಿಂತರೂ ಶುರುವಿಗೆ ಸಾಕು, ಮೂವತ್ತು ಸೆಕೆಂಡಿನಿಂದ ಮೇಲೇರಬಹುದು. ಮಂಡಿ ಸವೆದವರಿಗೆ ಇದು ಬೇಡ.

ಯೋಗದ ಬಗ್ಗೆ ಹೇಳದೆ ಈ ನಾಡಿನಲ್ಲಿ ಅಂಕಣ ಮುಗಿಸುವಂತಿಲ್ಲ. ಮೈಸೂರು ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಕಲಿಸಿದ್ದನ್ನು ಪಟ್ಟಾಭಿ ಜೋಯಿಸರೂ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಲೋಕಕ್ಕೆಲ್ಲ ಹಂಚಿದರು. ಹೆಮ್ಮೆಯ ಸಂಗತಿ. ಆದರೆ ಯೋಗ ಎಂದ ಮಾತ್ರಕ್ಕೆ ಎಲ್ಲವೂ ಬಿಪಿಗೆ ಒಳ್ಳೆಯದು ಎಂಬುದು ಅಪಾಯದ ಭ್ರಮೆ. ಬಿಪಿ ಹಿಡಿತದಲ್ಲಿಲ್ಲದವರಿಗೆ ಶೀರ್ಷಾಸನ, ಸರ್ವಾಂಗಾಸನದಂಥ ತಲೆಕೆಳಗಾದ ಆಸನಗಳು ಸಲ್ಲ. ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ ಇವೂ ಸಲ್ಲ. ಮತ್ತೆ ಅದೇ ದಮ್ಮಿನ ಕಥೆ. ನಿಧಾನದ ಉಸಿರಾಟ, ಅನುಲೋಮ ವಿಲೋಮ, ಶವಾಸನ ಯಾರಿಗೂ ತೊಂದರೆ ಮಾಡವು. ಟಿ.ವಿ. ನೋಡಿ ಕಲಿಯುವವರಿಗೆ ಈ ವ್ಯತ್ಯಾಸ ಹೇಳುವವರಿರುವುದಿಲ್ಲ. ನಲವತ್ತು ಜನರನ್ನು ಸಾಲಾಗಿ ಕೂರಿಸಿ, ಯಾರಿಗೆ ಏನಿದೆ ಎಂದು ಒಬ್ಬರನ್ನೂ ಕೇಳದೆ ‘ಜೋರಾಗಿ, ಇನ್ನೂ ಜೋರಾಗಿ’ ಎಂದು ಕಪಾಲಭಾತಿ ಮಾಡಿಸಿದ ಒಂದು ಶಿಬಿರದಿಂದ ನಾನೇ ತಲೆ ಸುತ್ತಿ ಎದ್ದು ಬಂದಿದ್ದೇನೆ.

ಇನ್ನು ಅಕ್ಕನ ತಕರಾರು. ಅವಳಿಗೂ ಬಿಪಿ ಇದೆ, ಭಾವನಿಗಿಂತ ಮೊದಲೇ ಬಂದದ್ದು. ಆದರೆ ಮನೆಯಲ್ಲಿ ಸದ್ದು ಮಾಡಿದ್ದು ಭಾವನ ಬಿಪಿ ಮಾತ್ರ. “ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೂ ನಿಂತೇ ಇರ್ತೀನಿ, ನನಗ್ಯಾಕೋ ವಾಕಿಂಗು?” ಎಂದು ಕೇಳಿದಳು. ತೆಗೆದುಹಾಕುವ ಪ್ರಶ್ನೆಯಲ್ಲ. ಇದೇ ಪ್ರಶ್ನೆಯನ್ನು ಎಪಿಎಂಸಿ ಯಾರ್ಡಿನಲ್ಲಿ ದಿನವಿಡೀ ಕೊಬ್ಬರಿ ಮೂಟೆ ಹೊರುವ ಹಮಾಲಿಯೂ ಕೇಳಬಹುದು. ಡೆನ್ಮಾರ್ಕಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಕಹಿ ಮಾತು: ಬಿಡುವಿನಲ್ಲಿ ಮಾಡುವ ಶ್ರಮ ಹೃದಯವನ್ನು ಕಾಯುತ್ತದೆ, ದುಡಿಮೆಯ ಭಾರಿ ಶ್ರಮ ಕಾಯುವುದಿಲ್ಲ. ಲಂಡನ್ನಿನ ಕಂಡಕ್ಟರು ಮೂಟೆ ಹೊರದೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹಮಾಲಿ ಮೂಟೆ ಹೊತ್ತು ದಮ್ಮು ಕಟ್ಟುತ್ತಾನೆ, ದಣಿವಾಯಿತೆಂದು ನಿಲ್ಲುವ ಹಕ್ಕು ಅವನಿಗಿಲ್ಲ, ಎಂಟು ಗಂಟೆ ಅವನ ಒತ್ತಡ ಏರಿದ್ದು ಇಳಿಯುವುದೇ ಇಲ್ಲ. ಒಲೆಯ ಮುಂದೆ ನಿಂತೇ ಇರುವುದೂ ನಡಿಗೆಯಲ್ಲ. ವ್ಯಾಯಾಮ ಮಾಡಿ ಎಂದು ಹಮಾಲಿಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವನಿಗೆ ಬೇಕಾದದ್ದು ತಳ್ಳುಗಾಡಿ, ಮಧ್ಯೆ ವಿಶ್ರಾಂತಿ, ತಪ್ಪದೆ ಸಿಗುವ ಮಾತ್ರೆ. ಅಕ್ಕನಿಗೆ ಬೇಕಾದದ್ದು ಅರ್ಧ ಗಂಟೆಯ ಬಿಡುವು. ಅದನ್ನು ಭಾವನೇ ಕೊಡಬಹುದಿತ್ತು. ಈಗ ಬೆಳಗಿನ ಕಾಫಿ, ತಿಂಡಿಯ ತರಕಾರಿ ಹೆಚ್ಚುವುದು ಅವರ ಪಾಲಿಗೆ ಬಂದಿದೆ. ಅಕ್ಕ ಪಕ್ಕದ ಮನೆಯವರ ಜೊತೆ ಮೈದಾನಕ್ಕೆ ಹೋಗುತ್ತಾಳೆ.

ಎಷ್ಟು ಹೊತ್ತು ಎಂದರೆ, ವಾರಕ್ಕೆ ನೂರೈವತ್ತು ನಿಮಿಷ. ದಿನಕ್ಕೆ ಮೂವತ್ತರಂತೆ ಐದು ದಿನ. ಒಮ್ಮೆಗೇ ಮಾಡಬೇಕೆಂದಿಲ್ಲ, ಹತ್ತತ್ತು ನಿಮಿಷ ಮೂರು ಸಲ ಆದರೂ ನಡೆಯುತ್ತದೆ. ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷ ಮತ್ತೆ ನಿಧಾನ. ಕೊನೆಯದನ್ನು ಎಲ್ಲರೂ ನುಂಗಿಬಿಡುತ್ತಾರೆ. ಬಿರುಸಾಗಿ ಹೋಗುತ್ತಿದ್ದವರು ಗಕ್ಕನೆ ನಿಂತರೆ ಕಾಲಿಗೆ ಇಳಿದ ರಕ್ತ ಅಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತದೆ, ಮಾತ್ರೆ ನುಂಗುವವರಿಗಂತೂ ಬೇಗ. ಬಂದ ಕೂಡಲೇ ಸುಡುನೀರಿನ ಸ್ನಾನ ಮಾಡಿದರೂ ಹಾಗೇ. ಮಲೆನಾಡಿನ ಚಳಿಗಾಲದ ಬೆಳಗು ಇನ್ನೊಂದು ಎಚ್ಚರಿಕೆಯ ಹೊತ್ತು. ನಿದ್ದೆಯಿಂದೇಳುವಾಗ ಒತ್ತಡ ತಾನಾಗಿಯೇ ಏರುತ್ತದೆ, ಚಳಿ ನಾಳಗಳನ್ನು ಮುದುಡಿಸಿ ಇನ್ನಷ್ಟು ಏರಿಸುತ್ತದೆ. ಬಿಸಿಲು ಬಂದ ಮೇಲೆ ಹೊರಟರೆ ಯಾರೂ ಸೋಮಾರಿ ಅನ್ನುವುದಿಲ್ಲ. ಅಂದರೂ ಅನ್ನಲಿ. ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ಎಡತೋಳಿಗೋ ದವಡೆಗೋ ಹಬ್ಬಿದರೆ, ಮಾತು ತೊದಲಿದರೆ, ಒಂದು ಕಡೆಯ ಕೈ ಸೋತರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು.

ಇಷ್ಟಕ್ಕೆ ಸಿಗುವ ಲಾಭವೇನು ಎಂದು ಮೇಷ್ಟ್ರು ಕೇಳದೆ ಇರುತ್ತಾರೆಯೇ? ಕೇಳಿದರು. ನಿಯಮಿತವಾಗಿ ಮಾಡಿದರೆ ಬಿಪಿ ಇರುವವರಲ್ಲಿ ಮೇಲಿನ ಅಂಕಿ ಸಾಮಾನ್ಯವಾಗಿ ಐದರಿಂದ ಎಂಟು ಇಳಿಯುತ್ತದೆ. “ಬರೀ ಐದಾ?” ಅಂದರು. ಹೌದು, ಬರೀ ಐದು. ಆದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಮಾತ್ರೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಹಾಕಿದ ಲೆಕ್ಕದಂತೆ, ಮೇಲಿನ ಅಂಕಿ ಐದು ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡ ಇತ್ತು. ಗುಣಾಕಾರ ಭಾವನೇ ಮಾಡಿಕೊಂಡರು. ಮಾತ್ರೆ ಬಿಡಬಹುದೇ ಎಂಬ ಮುಂದಿನ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ. ಡೋಸು ಇಳಿಸುವುದೋ ಬಿಡುವುದೋ ಡಾಕ್ಟರ ತೀರ್ಮಾನ. ಇನ್ನೂ ಒಂದು: ನಡಿಗೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ವಾಪಸು ಬರುತ್ತದೆ. ಬ್ಯಾಂಕಿನಲ್ಲಿ ಇಟ್ಟ ಹಾಗೆ ಇಡಲು ಬರುವುದಿಲ್ಲ.

ಹೋದ ದಸರಾ ರಜೆಯಲ್ಲಿ ನಾವು ಮೂವರೂ ಮೈಸೂರಿಗೆ ಹೋಗಿದ್ದೆವು. ಚಾಮುಂಡಿ ಬೆಟ್ಟಕ್ಕೆ ಬಸ್ಸು ಬೇಡ, ಮೆಟ್ಟಿಲು ಹತ್ತೋಣ ಅಂದದ್ದು ಭಾವ. ಡಾಕ್ಟರನ್ನು ಕೇಳಿಕೊಂಡೇ ಬಂದಿದ್ದರು. ಸಾವಿರ ಮೆಟ್ಟಿಲು. ಅವರು ಐವತ್ತು ಮೆಟ್ಟಿಲಿಗೊಮ್ಮೆ ನಿಂತು, ಹಿಂತಿರುಗಿ ಊರು ನೋಡಿ, ಮತ್ತೆ ಹತ್ತುತ್ತಿದ್ದರು. ಬಾಯಿ ಮಾತ್ರ ನಿಂತಿರಲಿಲ್ಲ. ಕೊಬ್ಬರಿ ಕ್ವಿಂಟಾಲಿಗೆ ಎಷ್ಟಾಯಿತು, ನುಸಿ ರೋಗ ಬಂದ ಮರಗಳೆಷ್ಟು, ಹಿಂದೆ ಗೋಡೆಗೆ ಕೂರಿಸಿದ್ದ ಒಬ್ಬ ಹುಡುಗ ಈಗ ಇಂಜಿನಿಯರಾಗಿ ಸಿಕ್ಕಾಗ ಏನಂದ. ಅಕ್ಕ ನಮ್ಮಿಬ್ಬರಿಗಿಂತ ಹತ್ತು ಮೆಟ್ಟಿಲು ಮೇಲಿದ್ದಳು, ಪ್ರತಿ ಮೆಟ್ಟಿಲಿಗೂ ಕುಂಕುಮ ಹಚ್ಚುತ್ತಿದ್ದ ಹೆಂಗಸೊಬ್ಬರ ಜೊತೆ ಆಗಲೇ ಪರಿಚಯ ಮಾಡಿಕೊಂಡು. ನಂದಿ ವಿಗ್ರಹದ ಹತ್ತಿರ ಬರುವ ಹೊತ್ತಿಗೆ ಭಾವ ನಿಂತು ನನ್ನ ಮುಖ ನೋಡಿದರು.

“ಏನಯ್ಯಾ, ಆಗಿನಿಂದ ನಾನೊಬ್ಬನೇ ಮಾತಾಡ್ತಾ ಇದೀನಿ. ನಿಂದು ಒಂದು ಮಾತೂ ಇಲ್ಲ?”

ನಾನು ಕಲ್ಲಿನ ಕಟ್ಟೆಗೆ ಕೈ ಊರಿ, ಇನ್ನೊಂದು ಕೈಯ ಎರಡು ಬೆರಳೆತ್ತಿ, ಎರಡು ನಿಮಿಷ ಎಂದು ತೋರಿಸಿದೆ. ಭಾವ ಕೈಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟರು. ಚೀಲದಲ್ಲಿ ಬಿಪಿ ಮೆಷಿನ್ನೂ ಇತ್ತು.

“ಈಗ ಬೇಡ” ಅಂದರು. “ಅರ್ಧ ಗಂಟೆ ಬಿಟ್ಟು ನೋಡೋಣ.”